ಸೀಸ ಕೂತಿರುವುದು ಕೆಸರಿನಲ್ಲಿ

ಅಮೆರಿಕದ ಐಡಹೊ ರಾಜ್ಯದ ಉತ್ತರ ಭಾಗದಲ್ಲಿ ಕೋರ್ ಡಲೇನ್ ಎಂಬ ನದಿಯಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅಲಾಸ್ಕದ ಕಡೆಗೆ ಹೊರಟ ಟಂಡ್ರಾ ಹಂಸಗಳು ಈ ನದಿಯ ಕೆಳಪಾತ್ರದ ಜೌಗಿನಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ಉದ್ದ ಕೊರಳನ್ನು ನೀರಿಗಿಳಿಸಿ, ಕೆಸರು ಕೆದಕಿ, ಜಲಸಸ್ಯಗಳ ಗೆಡ್ಡೆ ಕಿತ್ತು ತಿನ್ನುತ್ತವೆ. ಹಾಗೆ ತಿಂದವುಗಳಲ್ಲಿ ಒಂದಿಷ್ಟು ಅಲ್ಲಿಂದ ಮೇಲೇಳುವುದೇ ಇಲ್ಲ. ರೆಕ್ಕೆ ಜೋತುಬೀಳುತ್ತದೆ, ಕತ್ತು ನಿಲ್ಲುವುದಿಲ್ಲ, ಹಿಕ್ಕೆ ಹಸಿರಾಗುತ್ತದೆ. ಸತ್ತ ಹಕ್ಕಿಯನ್ನು ಕೊಯ್ದು ನೋಡಿದರೆ ಅನ್ನನಾಳದ ತುಂಬ ಆಹಾರ ಕಾಣುತ್ತದೆ. ಸೀಸದ ವಿಷದಿಂದ ಸ್ನಾಯುಗಳು ಸೋತು, ನುಂಗಿದ್ದು ಕೆಳಗಿಳಿಯದೆ, ತಿಂದ ಹಕ್ಕಿ ಹಸಿವಿನಿಂದಲೇ ಸತ್ತಿರುತ್ತದೆ.

ಇಲ್ಲಿ ಹಂಸಗಳು ಸಾಯುತ್ತಿರುವ ಸುದ್ದಿ 1920ರ ದಶಕದಿಂದಲೂ ಇದೆ. ಬೇಟೆಗಾರರು ಹಾರಿಸಿದ ಸೀಸದ ಚರೆಗಳನ್ನು ಕಲ್ಲುಹರಳೆಂದು ನುಂಗಿ ನೀರುಹಕ್ಕಿಗಳು ಸಾಯುವುದು ಅಮೆರಿಕದಲ್ಲಿ ಹೊಸದೇನಲ್ಲ. ಆದರೆ ಕೋರ್ ಡಲೇನ್‌ನಲ್ಲಿ ಸತ್ತ ಹಂಸಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯಲ್ಲಿ ಚರೆ ಸಿಗಲಿಲ್ಲ, ಸಿಕ್ಕಿದ್ದು ಕೆಸರು. ಗೆಡ್ಡೆಯ ಜೊತೆಗೆ ಒಳಹೋಗುವ ಕೆಸರೇ ಆ ಹಂಸಗಳ ಆಹಾರದ ಸುಮಾರು ಹತ್ತನೇ ಒಂದು ಪಾಲು. ನದಿಯ ಮೇಲ್ಕಣಿವೆಯಲ್ಲಿ 1880ರ ದಶಕದಲ್ಲಿ ಬೆಳ್ಳಿ, ಸೀಸ, ಸತುವಿನ ಗಣಿಗಳು ತೆರೆದವು. ಅದಿರನ್ನು ಅರೆದು ಲೋಹ ತೆಗೆದ ಮೇಲೆ ಉಳಿದ ನುಣ್ಣನೆಯ ಗಣಿಕಸವನ್ನು 1968ರವರೆಗೂ ನೇರವಾಗಿ ಹೊಳೆಗೆ ಬಿಡುತ್ತಿದ್ದರು. ಹಾಗೆ ಹರಿದುಹೋದದ್ದು ಸುಮಾರು ಆರು ಕೋಟಿ ಟನ್. ಬಂಕರ್ ಹಿಲ್ ಎಂಬಲ್ಲಿನ ಸೀಸ ಕರಗಿಸುವ ಕುಲುಮೆ 1981ರಲ್ಲಿ ಮುಚ್ಚಿತು. 1983ರಲ್ಲಿ ಅಮೆರಿಕದ ಸರ್ಕಾರ ಆ ಪ್ರದೇಶವನ್ನು ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿತು. ಕುಲುಮೆ ಆರಿ ನಾಲ್ಕು ದಶಕ ದಾಟಿದರೂ ಹಂಸಗಳ ಸಾವು ನಿಂತಿಲ್ಲ.

ಸೀಸದ ವಿಷಯದಲ್ಲಿ ನಾವು ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಇದನ್ನೇ. ಚರಂಡಿ ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಕೀಟನಾಶಕಗಳು ಕೂಡ ಬಿಸಿಲಿಗೆ, ಕಾಲಕ್ಕೆ ಒಡೆಯುತ್ತವೆ. ಸೀಸ ಮೂಲಧಾತು, ಅದು ಒಡೆದು ಬೇರೆಯಾಗುವ ಮಾತೇ ಇಲ್ಲ. ಜಾಗ ಬದಲಿಸುತ್ತದೆ, ರೂಪ ಬದಲಿಸುತ್ತದೆ, ಇಲ್ಲವಾಗುವುದಿಲ್ಲ. ಕೆರೆಗೆ ಬಿದ್ದ ಸೀಸ ಕೊನೆಗೆ ಸೇರುವುದು ತಳದ ಹೂಳಿಗೆ. ನಾವು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಮೇಲಿನ ನೀರನ್ನು. ಹೂಳನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುವ ನಾಡು ನಮ್ಮದು. ಆದ್ದರಿಂದ ಐಡಹೊದ ಹಂಸಗಳ ಕಥೆಯನ್ನು ಕನ್ನಡದ ಓದುಗರು ಓದಬೇಕು ಎಂದು ನನಗೆ ಅನ್ನಿಸಿದೆ.

ಭೂಮಿಯ ತೊಗಟೆಯಲ್ಲಿ ಸೀಸ ಸಹಜವಾಗಿಯೇ ಇದೆ, ಕಿಲೋ ಮಣ್ಣಿಗೆ ಸುಮಾರು 15 ಮಿಲಿಗ್ರಾಂನಷ್ಟು. ಅದು ಹೆಚ್ಚಾಗಿ ಗಂಧಕದೊಡನೆ ಸೇರಿ ಗೆಲೀನಾ ಎಂಬ ಹೊಳೆಯುವ ಅದಿರಾಗಿ ಬಂಡೆಯೊಳಗೆ ತಣ್ಣಗೆ ಕೂತಿರುತ್ತದೆ. ಅದನ್ನು ಅಗೆದು, 327 ಡಿಗ್ರಿಗೇ ಕರಗುವ ಈ ಮೆತ್ತನೆಯ ಲೋಹದಿಂದ ಕೊಳವೆ, ಬಣ್ಣ, ಗುಂಡು, ಬ್ಯಾಟರಿ ಮಾಡಿಕೊಂಡವರು ಮನುಷ್ಯರು. 1920ರ ದಶಕದಿಂದ ಪೆಟ್ರೋಲಿಗೂ ಬೆರೆಸಿದರು. ಹಾಗೆ ಬೆರೆಸಿದ್ದು ಹೊಗೆಯಾಗಿ ಗಾಳಿ ಸೇರಿ, ಮಳೆಯಾಗಿ ಇಳಿದು, ರಸ್ತೆಯ ದೂಳಾಗಿ ಚರಂಡಿ ಹಿಡಿದು ಕೆರೆಗೆ ಬಂತು. ಭಾರತದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯ, 2021ರ ಜುಲೈನಲ್ಲಿ.

ಗಾಳಿಯ ಸೀಸ ಎಷ್ಟು ದೂರ ಹೋಗಿತ್ತು ಎಂಬುದನ್ನು ತೋರಿಸಿಕೊಟ್ಟವರು ಕ್ಲೇರ್ ಪ್ಯಾಟರ್ಸನ್. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಸೀಸದ ಐಸೋಟೋಪುಗಳಿಂದಲೇ 1956ರಲ್ಲಿ ಲೆಕ್ಕ ಹಾಕಿ ತೋರಿಸಿದ ವಿಜ್ಞಾನಿ ಅವರು. ಆ ಅಳತೆಗೆ ಕೂತಾಗ ತಮ್ಮ ಪ್ರಯೋಗಾಲಯದ ಗಾಳಿ, ಗಾಜು, ಆಮ್ಲ, ಕೊನೆಗೆ ಮನುಷ್ಯರ ಕೂದಲಲ್ಲೂ ಸೀಸ ತುಂಬಿರುವುದು ಅವರಿಗೆ ಕಂಡಿತು. ಆಮೇಲೆ ಅವರು ಸಮುದ್ರದ ಕಡೆ ತಿರುಗಿದರು. ಜಪಾನಿನ ಮಿಟ್ಸುನೊಬು ತಾತ್ಸುಮೋಟೊ ಅವರ ಜೊತೆಗೆ 1963ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ನೀರಿನ ಮೇಲ್ಪದರದಲ್ಲಿ ಆಳಕ್ಕಿಂತ ಹಲವು ಪಟ್ಟು ಹೆಚ್ಚು ಸೀಸವಿದೆ ಎಂದು ತೋರಿಸಿದರು. ಶತಮಾನಗಳಿಂದ ನದಿಗಳು ತಂದು ಸುರಿದದ್ದಾಗಿದ್ದರೆ ಅದು ಆಳಕ್ಕೂ ಇಳಿದು ಬೆರೆತಿರಬೇಕಿತ್ತು. ಮೇಲ್ಪದರದಲ್ಲೇ ದಟ್ಟವಾಗಿದೆ ಎಂದರೆ ಈಗಷ್ಟೇ ಆಕಾಶದಿಂದ ಬಿದ್ದಿದೆ ಎಂದರ್ಥ. ಪೆಟ್ರೋಲ್ ಉದ್ಯಮ ಅವರನ್ನು ವರ್ಷಗಟ್ಟಲೆ ವಿರೋಧಿಸಿತು, ಅವರು ಬಗ್ಗಲಿಲ್ಲ. ಪೆಟ್ರೋಲಿನಿಂದ ಸೀಸ ತೆಗೆದ ಮೇಲೆ ಸಾಗರದ ಮೇಲ್ಪದರದಲ್ಲಿ ಅದರ ಪ್ರಮಾಣ ಇಳಿಯುತ್ತ ಬಂತು. ಮೂಲ ಮುಚ್ಚಿದರೆ ನೀರು ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ನೀರಿನಿಂದ ಇಳಿದ ಆ ಸೀಸ ಹೋದದ್ದು ಮಾತ್ರ ತಳಕ್ಕೇ.

ನೀರಿಗೆ ಬಿದ್ದ ಸೀಸದ ನಡವಳಿಕೆ ನೀರಿನ ಗುಣವನ್ನು ನೋಡಿಕೊಂಡು ಬದಲಾಗುತ್ತದೆ. ಹುಳಿ ನೀರಿನಲ್ಲಿ ಅದು ಬಿಡಿ ಅಯಾನಾಗಿ ಕರಗಿರುತ್ತದೆ, ಜೀವಿಗಳಿಗೆ ಅತಿ ಅಪಾಯದ ರೂಪ ಅದೇ. ಪಿಎಚ್ 7ನ್ನು ದಾಟಿದ, ಕಾರ್ಬೊನೇಟ್ ಇರುವ ನೀರಿನಲ್ಲಿ ಕಾರ್ಬೊನೇಟಿನೊಡನೆ ಕೂಡಿಕೊಂಡು ಕರಗುವಿಕೆ ಕಡಿಮೆಯಾಗುತ್ತದೆ. ಕೊಳೆತ ಎಲೆಗಳಿಂದ ಬರುವ ಕಂದು ಬಣ್ಣದ ಹ್ಯೂಮಿಕ್ ಪದಾರ್ಥ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೇಡಿಯ ಕಣ, ಕಬ್ಬಿಣ ಮತ್ತು ಮ್ಯಾಂಗನೀಸಿನ ತುಕ್ಕಿನಂಥ ಆಕ್ಸೈಡುಗಳು ಅದನ್ನು ಮೈಗೆ ಅಂಟಿಸಿಕೊಂಡು ತಳಕ್ಕೆ ಕೂರುತ್ತವೆ. ಹಾಗಾಗಿ ಕೆರೆಗೆ ಎಷ್ಟೇ ಸೀಸ ಬಂದರೂ ನೀರಿನಲ್ಲಿ ಕರಗಿ ಸಿಗುವುದು ಅದರ ಸಣ್ಣ ಚೂರು. ಮಾಪನದ ಹಾಳೆಯಲ್ಲಿ ಆ ಚೂರಿನ ಅಂಕಿ ನೋಡಿ ಸಮಾಧಾನಪಡುವುದು ಸುಲಭ.

ತಳದಲ್ಲಿ ಆಕ್ಸಿಜನ್ ಇರುವವರೆಗೆ ಕಬ್ಬಿಣದ ಆಕ್ಸೈಡು ಸೀಸವನ್ನು ಬಿಡುವುದಿಲ್ಲ. ಆಕ್ಸಿಜನ್ ಮುಗಿದಾಗ ಆ ಆಕ್ಸೈಡುಗಳು ಕರಗಿ ಸೀಸವನ್ನು ಸಡಿಲ ಬಿಡುತ್ತವೆ. ಕೆಸರಿನಲ್ಲಿ ಸಾಕಷ್ಟು ಗಂಧಕವಿದ್ದರೆ ಸೀಸ ಸಲ್ಫೈಡಾಗಿ ಮತ್ತೆ ಸೆರೆಯಾಗುತ್ತದೆ. ಕೊಳಚೆ ತುಂಬಿದ ಕೆರೆಯ ಕಪ್ಪು, ಗಬ್ಬು ನಾರುವ ಕೆಸರಿನಲ್ಲಿ ನಡೆಯುವುದು ಇದು. ಆ ಕಪ್ಪು ಕೆಸರನ್ನು ಯಂತ್ರ ಇಳಿಸಿ ಕಲಕಿದಾಗ, ಎತ್ತಿ ಬಿಸಿಲಿಗೆ ಹರಡಿದಾಗ ಗಾಳಿಯ ಆಕ್ಸಿಜನ್ ತಾಗಿ ಸಲ್ಫೈಡು ಒಡೆಯುತ್ತದೆ, ಸೀಸಕ್ಕೆ ಮತ್ತೆ ಚಲನೆ ಬರುತ್ತದೆ. ಕೋರ್ ಡಲೇನ್ ನದಿ ಸೇರುವ ಅದೇ ಹೆಸರಿನ ಸರೋವರದ ತಳದಲ್ಲಿ ಸುಮಾರು ಏಳೂವರೆ ಕೋಟಿ ಟನ್ ಲೋಹಭರಿತ ಹೂಳಿದೆ. ಅಲ್ಲಿನ ಜನರ ಇಂದಿನ ದೊಡ್ಡ ಆತಂಕ ಗಣಿಯದ್ದಲ್ಲ. ದಡದ ಮನೆ, ತೋಟ, ಹೊಲಗಳಿಂದ ಬರುವ ರಂಜಕ ಹೆಚ್ಚಿ, ಪಾಚಿ ಬೆಳೆದು ಕೊಳೆತು, ತಳದ ಆಕ್ಸಿಜನ್ ಮುಗಿದರೆ ಹೂಳಿನಲ್ಲಿರುವ ಲೋಹಗಳು ಬಿಡುಗಡೆಯಾದಾವು ಎಂಬುದು ಅವರ ಭಯ. ನೂರು ವರ್ಷದ ಹಿಂದಿನ ಗಣಿಕಸ ಮತ್ತು ಇವತ್ತಿನ ಚರಂಡಿ ನೀರು, ಎರಡೂ ಒಂದೇ ತಳದಲ್ಲಿ ಸೇರಿ ಕೆಲಸ ಮಾಡುತ್ತವೆ.

ಈಗ ಮೀನಿನ ಕಡೆ ಬರೋಣ. ಮೀನಿನ ಕಿವಿರು ಉಸಿರಾಟದ ಅಂಗ ಮಾತ್ರವಲ್ಲ, ಸಿಹಿನೀರಿನ ಮೀನು ತನ್ನ ಮೈಗೆ ಬೇಕಾದ ಕ್ಯಾಲ್ಸಿಯಂ, ಸೋಡಿಯಂ, ಕ್ಲೋರೈಡುಗಳನ್ನು ನೀರಿನಿಂದ ಹೀರಿಕೊಳ್ಳುವುದೂ ಅಲ್ಲಿಂದಲೇ. ಸೀಸದ ಅಯಾನು ಕ್ಯಾಲ್ಸಿಯಂನ ಹಾದಿಯಲ್ಲಿ, ಬೇರೆಯವರ ಗುರುತಿನ ಚೀಟಿ ತೋರಿಸಿ ಒಳನುಗ್ಗುವವರಂತೆ, ಕಿವಿರಿನ ಜೀವಕೋಶಕ್ಕೆ ಇಳಿಯುತ್ತದೆ. ಆಗ ಕ್ಯಾಲ್ಸಿಯಂ ಒಳಬರುವುದು ಕುಗ್ಗುತ್ತದೆ, ಉಪ್ಪುಗಳ ಸಮತೋಲ ತಪ್ಪುತ್ತದೆ. ಒಳಹೊಕ್ಕ ಸೀಸ ರಕ್ತಕ್ಕೆ ಹೋಗಿ ಎಎಲ್‌ಎಡಿ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ರಕ್ತದ ಕೆಂಪು ವರ್ಣದ್ರವ್ಯ ತಯಾರಾಗಲು ಆ ಕಿಣ್ವ ಬೇಕು, ಅದು ನಿಂತರೆ ರಕ್ತಹೀನತೆ. ಮನುಷ್ಯರ ಮಕ್ಕಳಲ್ಲೂ ಸೀಸ ಮಾಡುವ ಕೆಲಸ ಇದೇ. ಆಮೇಲೆ ಅದು ಮೂಳೆಗೆ, ಹುರುಪೆಗೆ, ಮೂತ್ರಪಿಂಡಕ್ಕೆ ಹೋಗಿ ಕೂರುತ್ತದೆ.

ದೀರ್ಘಕಾಲ ಸೀಸದ ನೀರಿನಲ್ಲಿ ಬೆಳೆದ ಟ್ರೌಟ್ ಮೀನಿನ ಲಕ್ಷಣಗಳು ವಿಜ್ಞಾನಿಗಳಿಗೆ ಚೆನ್ನಾಗಿ ಪರಿಚಿತ. ಮೊದಲು ಬಾಲ ಕಪ್ಪಾಗುತ್ತದೆ. ಚರ್ಮದ ಬಣ್ಣದ ಕೋಶಗಳನ್ನು ಹಿಡಿತದಲ್ಲಿಡುವ ನರಗಳು ಕೆಟ್ಟಿರುವುದರ ಗುರುತು ಅದು. ಆಮೇಲೆ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಬಾಲದ ಭಾಗ ಸೊರಗುತ್ತದೆ. ಮೃದುನೀರಿನಲ್ಲಿ ಇಷ್ಟೆಲ್ಲ ಆಗಲು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆಯುವಷ್ಟು ಅಲ್ಪ ಸೀಸ ಸಾಕು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಇನ್ನೂ ಕಡಿಮೆ ಪ್ರಮಾಣದಲ್ಲಿ ಕಣ್ಣಿಗೆ ಕಾಣುವ ಊನವಿಲ್ಲದಿದ್ದರೂ ಮೀನುಮರಿ ಮಂದವಾಗುತ್ತದೆ. ಸಣ್ಣ ನೀರುಚಿಗಟಗಳಿಗೆ ಗುರಿಯಿಟ್ಟು ಬಾಯಿ ಹಾಕುವಾಗ ತಪ್ಪುತ್ತದೆ, ದೊಡ್ಡ ಮೀನು ಬಂದಾಗ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬೀಳುತ್ತದೆ. ನಮ್ಮ ನಗರದ ಕೆರೆಗಳಲ್ಲಿ ರಾತ್ರೋರಾತ್ರಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲುವುದು ಬಹುಮಟ್ಟಿಗೆ ಆಕ್ಸಿಜನ್ ಮುಗಿದು. ಅದು ಕಣ್ಣಿಗೆ ಬೀಳುತ್ತದೆ, ಪತ್ರಿಕೆಗೂ ಬರುತ್ತದೆ. ಸೀಸದಿಂದ ಸೋತ ಮೀನು ತೇಲಿ ಬರುವುದಿಲ್ಲ. ಮೊಟ್ಟೆಯೊಡೆದ ಮರಿಗಳಲ್ಲಿ ಉಳಿದದ್ದು ಕಡಿಮೆಯಾಯಿತು ಎಂದಷ್ಟೇ ಆಗುತ್ತದೆ, ಅದನ್ನು ಎಣಿಸುವವರಿಲ್ಲ.

ಗಡಸುನೀರು ಮೀನಿಗೆ ರಕ್ಷಣೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಕಿವಿರಿನಲ್ಲಿ ಸೀಸಕ್ಕೆ ಜಾಗ ಸಿಗುವುದು ಕಡಿಮೆ. ಅಮೆರಿಕದ ಪರಿಸರ ಸಂಸ್ಥೆ ಈ ಕಾರಣಕ್ಕೇ ಜಲಚರಗಳಿಗೆ ಸೀಸದ ಒಂದೇ ಮಿತಿ ಇಟ್ಟಿಲ್ಲ. ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇರುವ ನೀರಿನಲ್ಲಿ ದೀರ್ಘಕಾಲದ ಮಿತಿ 2.5 ಮೈಕ್ರೋಗ್ರಾಂ, ಗಡಸುತನ 25ಕ್ಕೆ ಇಳಿದರೆ ಮಿತಿಯೂ ಸುಮಾರು ಅರ್ಧ ಮೈಕ್ರೋಗ್ರಾಂಗೆ ಇಳಿಯುತ್ತದೆ. ಬಯಲುಸೀಮೆಯ ಸುಣ್ಣದಂಶದ ನೀರಿಗೆ ಇರುವ ಈ ಕಾವಲು ಮಲೆನಾಡಿಗಿಲ್ಲ. ಗಂಗಾ ಸ್ನಾನ, ತುಂಗಾ ಪಾನ ಎಂದು ನಾವು ಹೊಗಳಿಕೊಳ್ಳುವ ನೀರು ಮೃದುನೀರು. ಶೃಂಗೇರಿಯ ಮೆಟ್ಟಿಲ ಬಳಿ ಯಾತ್ರಿಕರು ಮಂಡಕ್ಕಿ ಎಸೆದಾಗ ಮುತ್ತಿಕೊಳ್ಳುವ ಆ ದೊಡ್ಡ ಮೀನುಗಳು ಬದುಕಿರುವುದು ಅಂಥ ನೀರಿನಲ್ಲಿ. ಅಲ್ಲಿ ಸೀಸವಿದೆ ಎಂದು ನಾನು ಹೇಳುತ್ತಿಲ್ಲ. ಬಂದರೆ ತಡೆದುಕೊಳ್ಳುವ ಶಕ್ತಿ ಆ ನೀರಿಗೆ ತೀರ ಕಡಿಮೆ ಎನ್ನುವುದು ಮಾತ್ರ ರಸಾಯನಶಾಸ್ತ್ರದ ನೇರ ಲೆಕ್ಕ.

ಮೀನಿಗಿಂತಲೂ ಸೂಕ್ಷ್ಮ ಜೀವಿಯೊಂದಿದೆ. ಯುರೋಪಿನ ಕೊಳಗಳಲ್ಲಿ ಸಿಗುವ, ವಿಜ್ಞಾನಿಗಳು ಲಿಮ್ನಿಯಾ ಸ್ಟಾಗ್ನಾಲಿಸ್ ಎಂದು ಕರೆಯುವ ಕೊಳದ ಬಸವನಹುಳು. ಅದರ ಮರಿಗೆ ಚಿಪ್ಪು ಕಟ್ಟಿಕೊಳ್ಳಲು ಅವಸರದಲ್ಲಿ ಅಪಾರ ಕ್ಯಾಲ್ಸಿಯಂ ಬೇಕು. ಆ ಹಸಿವಿನ ದಾರಿಯಲ್ಲೇ ಸೀಸ ಒಳಬರುತ್ತದೆ. ಲೀಟರಿಗೆ ಮೂರ್ನಾಲ್ಕು ಮೈಕ್ರೋಗ್ರಾಂ ಸೀಸವಿರುವ ನೀರಿನಲ್ಲಿಯೇ ಅದರ ಬೆಳವಣಿಗೆ ಕುಂಠಿತವಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ನಮಗೆ ಕುಡಿಯಲು ಅಡ್ಡಿಯಿಲ್ಲ ಎಂದು ಮುದ್ರೆ ಒತ್ತಿದ ನೀರು ಒಂದು ಬಸವನಹುಳುವಿನ ಮರಿಗೆ ಆಗಿಬರುವುದಿಲ್ಲ. ನೀರಿನ ಆರೋಗ್ಯವನ್ನು ಮನುಷ್ಯರ ಲೋಟದಿಂದ ಮಾತ್ರ ಅಳೆಯುವುದು ಸಾಲದು ಎನ್ನಲು ನನಗೆ ಈ ಒಂದು ಅಂಕಿ ಸಾಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ತೆಗೆದುಬಿಡಬೇಕು. ಪಾದರಸದ ಹಾಗೆ ಸೀಸ ಆಹಾರ ಸರಪಳಿಯಲ್ಲಿ ಮೇಲೇರುತ್ತ ಹೆಚ್ಚುವುದಿಲ್ಲ. ಪಾಚಿಯಲ್ಲಿ, ಹುಳುವಿನಲ್ಲಿ ಇರುವುದಕ್ಕಿಂತ ದೊಡ್ಡ ಬೇಟೆಗಾರ ಮೀನಿನಲ್ಲಿ ಕಡಿಮೆಯೇ ಇರುತ್ತದೆ. ಇದ್ದರೂ ಮಾಂಸಕ್ಕಿಂತ ಮೂಳೆಯಲ್ಲಿ, ಕಿವಿರಿನಲ್ಲಿ ಹೆಚ್ಚು. ಸೀಸದ ಪೆಟ್ಟು ಬೀಳುವುದು ಕೆಸರಿಗೆ ಹತ್ತಿರ ಬದುಕುವವಕ್ಕೆ, ಅಂದರೆ ಕೆಸರುಹುಳು, ಬಸವನಹುಳು, ಕಪ್ಪೆಚಿಪ್ಪು, ತಳ ಕೆದಕಿ ತಿನ್ನುವ ಗೆಂಡೆ ಮತ್ತು ಮೃಗಾಲ್, ಕೆಸರು ಜಾಲಾಡುವ ಬಾತು ಮತ್ತು ಹಂಸಗಳಿಗೆ.

ಈ ಕೆಳಗಿನ ಜಗತ್ತನ್ನು ಮೊದಲು ಕಣ್ಣಿಟ್ಟು ನೋಡಿದವರಲ್ಲಿ ಕ್ಯಾಥ್ಲೀನ್ ಕಾರ್ಪೆಂಟರ್ ಒಬ್ಬರು. 1891ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ವೇಲ್ಸ್‌ನ ಅಬರಿಸ್ಟ್ವಿತ್ ಕಾಲೇಜಿನಲ್ಲಿ ಓದಿ ಅಲ್ಲೇ ಸಂಶೋಧನೆಗೆ ನಿಂತ ಹೆಣ್ಣುಮಗಳು. ಆ ಊರಿನ ಸುತ್ತ ರೈಡಾಲ್, ಅಸ್ಟ್ವಿತ್ ಎಂಬ ಎರಡು ಹೊಳೆಗಳು ಸೀಸದ ಗಣಿಬೆಟ್ಟಗಳಿಂದ ಇಳಿದು ಸಮುದ್ರ ಸೇರುತ್ತವೆ. ಹೊಳೆಯಲ್ಲಿ ಮೀನಿಲ್ಲ, ದಡದಲ್ಲಿ ಮೇಯ್ದ ದನ ಕಾಯಿಲೆ ಬೀಳುತ್ತದೆ ಎಂದು ರೈತರು ಬಹಳ ಕಾಲದಿಂದ ದೂರುತ್ತಿದ್ದರು. ಕಾರ್ಪೆಂಟರ್ ಹೊಳೆಗಿಳಿದು ಕಲ್ಲು ಮಗುಚಿ ಹುಳುಗಳನ್ನು ಎಣಿಸಿದರು. ರೈಡಾಲ್ ಹೊಳೆಯಲ್ಲಿ ಅವರಿಗೆ ಸಿಕ್ಕಿದ್ದು 14 ಬಗೆಯ ಜೀವಿಗಳು ಮಾತ್ರ. ಮೀನು ಹೇಗೆ ಸಾಯುತ್ತದೆ ಎಂದು ಪ್ರಯೋಗ ಮಾಡಿದಾಗ, ಸೀಸದ ಲವಣವು ಕಿವಿರಿನ ಲೋಳೆಯನ್ನು ಹೆಪ್ಪುಗಟ್ಟಿಸಿ, ಆ ಪೊರೆಯಡಿ ಮೀನು ಉಸಿರುಕಟ್ಟಿ ಸಾಯುವುದನ್ನು ಕಂಡರು. ಸೀಸ ಹೆಚ್ಚಿದ್ದಾಗ ಬೇಗ ಬರುವ ಸಾವು ಇದು. ಅಲ್ಪ ಪ್ರಮಾಣದಲ್ಲಿ ಆಗುವ ಕ್ಯಾಲ್ಸಿಯಂ ನಷ್ಟ, ನರಗಳ ಹಾನಿ ತಿಳಿದದ್ದು ಬಹಳ ಆಮೇಲೆ.

ಕಾರ್ಪೆಂಟರ್ ಅವರ ಇನ್ನೊಂದು ಗಮನಿಕೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಗಣಿ ಮುಚ್ಚಿದ ಮೇಲೂ ದಂಡೆಯ ಕಸದ ಗುಡ್ಡೆಗಳಿಂದ ಪ್ರತಿ ಮಳೆಗೂ ಸೀಸ ತೊಳೆದು ಬರುತ್ತಲೇ ಇರುತ್ತದೆ ಎಂದು ಅವರು 1926ರಲ್ಲೇ ಬರೆದರು. 1928ರಲ್ಲಿ ಸಿಹಿನೀರಿನ ಜೀವಲೋಕದ ಬಗ್ಗೆ ಪುಸ್ತಕ ಬರೆದರು, ಇಂಗ್ಲಿಷಿನಲ್ಲಿ ಆ ವಿಷಯದ ಮೊದಲ ಪಠ್ಯಪುಸ್ತಕವೆಂದು ಅದನ್ನು ಗುರುತಿಸುತ್ತಾರೆ. 1970ರಲ್ಲಿ ತೀರಿಕೊಂಡ ಮೇಲೆ ಬಹುಕಾಲ ಅವರ ಹೆಸರನ್ನು ಯಾರೂ ಎತ್ತಲಿಲ್ಲ, ಅದು ಅನ್ಯಾಯ. ಅವರ ಎಣಿಕೆ ಇದ್ದುದರಿಂದಲೇ ಮುಂದಿನವರಿಗೆ ಹೋಲಿಸಿ ನೋಡಲು ಸಾಧ್ಯವಾಯಿತು. ಗಣಿ ನಿಂತ ಮೇಲೆ 1930ರ ದಶಕದ ಆರಂಭದಲ್ಲಿ ಅದೇ ರೈಡಾಲ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಜೀವಿಗಳು ಸಿಕ್ಕವು. ಪಕ್ಕದ ಅಸ್ಟ್ವಿತ್‌ನ ತಲೆಯ ಮೇಲೆ ದೊಡ್ಡ ಕಸದ ಗುಡ್ಡೆಗಳಿದ್ದುದರಿಂದ ಅದು ಅಷ್ಟು ಬೇಗ ಏಳಲಿಲ್ಲ. ಹಳೆಯ ಗಣಿಗಳ ಲೋಹ ಇಂದಿಗೂ ಅದಕ್ಕೆ ಬಂದು ಸೇರುತ್ತಿದೆ.

ಆ ಸೀಮೆಯಲ್ಲೇ 2012ರ ಜೂನ್‌ನಲ್ಲಿ ಭಾರಿ ಮಳೆ ಸುರಿದು ಹೊಳೆಗಳು ಉಕ್ಕಿದವು. ಶತಮಾನದ ಹಿಂದಿನ ಗಣಿಯ ಕೆಸರು ತಳದಿಂದ, ದಂಡೆಯಿಂದ ಎದ್ದು ಹುಲ್ಲುಗಾವಲಿಗೆ ಹರಡಿತು. ಆ ಗದ್ದೆಯ ಹುಲ್ಲು ಕೊಯ್ದು ರಸಮೇವು ಮಾಡಿ ಹಾಕಿದ ರೈತರ ಎಳೆಯ ದನಗಳು ಸೀಸದ ವಿಷದಿಂದ ಕಾಯಿಲೆ ಬಿದ್ದವು. ಹೊಳೆಯ ತಳದಲ್ಲಿ ಕೂತದ್ದು ಗದ್ದೆಗೆ ಏರಿ ಬಂದು, ಹುಲ್ಲಿಗೆ ಮೆತ್ತಿ, ದನದ ಹೊಟ್ಟೆ ಸೇರಿತ್ತು. ಅಲ್ಲಿ ಆ ಕೆಸರನ್ನು ಹೊಲಕ್ಕೆ ತಂದದ್ದು ಪ್ರವಾಹ. ನಮ್ಮಲ್ಲಿ ನಾವೇ ತರುತ್ತೇವೆ.

ಕೆರೆಯ ಗೋಡು ಹೊಲಕ್ಕೆ ಹಾಕುವುದು ನಮ್ಮ ಹಿರಿಯರ ಅತ್ಯುತ್ತಮ ಪದ್ಧತಿಗಳಲ್ಲಿ ಒಂದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿ, ಈಗ ಟ್ರ್ಯಾಕ್ಟರ್ ಹೂಡಿ, ಮಣ್ಣು ಹೊಡೆದರೆ ಕೆರೆಗೆ ಆಳ, ಹೊಲಕ್ಕೆ ಸಾರ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸದಲ್ಲೂ ಹೂಳೆತ್ತುವುದು ಮುಖ್ಯ. ಸುತ್ತ ಹೊಲ, ಗುಡ್ಡ, ಗೋಮಾಳ ಮಾತ್ರ ಇರುವ ಊರ ಕೆರೆಯ ಗೋಡಿಗೆ ಹೆದರಬೇಕಾಗಿಲ್ಲ, ಅದನ್ನು ನಿಲ್ಲಿಸಬಾರದು. ನನ್ನ ಆತಂಕ ಪಟ್ಟಣದ ಕೊಳಚೆ, ಹೆದ್ದಾರಿಯ ದೂಳು, ಬ್ಯಾಟರಿ ಕೆಲಸದ ತೊಳೆನೀರು, ಬಣ್ಣದ ವಿಗ್ರಹಗಳು ಸೇರುವ ಕೆರೆಗಳದ್ದು.

ಬ್ಯಾಟರಿಯ ಮಾತು ಮೊದಲು. ಇಂದು ಜಗತ್ತಿನಲ್ಲಿ ತೆಗೆಯುವ ಸೀಸದ ಬಹುಪಾಲು ಹೋಗುವುದು ವಾಹನ, ಇನ್ವರ್ಟರ್ ಬ್ಯಾಟರಿಗಳಿಗೆ. ಸರಿಯಾದ ಕಾರ್ಖಾನೆಯಲ್ಲಿ ಅದನ್ನು ಮತ್ತೆ ಮತ್ತೆ ಕರಗಿಸಿ ಬಳಸಬಹುದು, ಅದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಇವೆ. ಗುಜರಿಯ ಹಿತ್ತಲಿನಲ್ಲಿ ಒಡೆದಾಗ ಆಮ್ಲವನ್ನು ಮೋರಿಗೆ ಚೆಲ್ಲುತ್ತಾರೆ, ಸೀಸದ ಪುಡಿಯೂ ಅದರ ಜೊತೆಗೇ ಹೋಗುತ್ತದೆ. ಮೋರಿಯಿಂದ ರಾಜಕಾಲುವೆ, ರಾಜಕಾಲುವೆಯಿಂದ ಕೆರೆ. ಆಮ್ಲದ ಜೊತೆ ಹೋದ ಸೀಸದಲ್ಲಿ ಒಂದಿಷ್ಟು ಕರಗಿಯೂ ಇರುತ್ತದೆ. ಹಿತ್ತಲಿನಲ್ಲಿ ಕುಳಿತು ಈ ಕೆಲಸ ಮಾಡುವವರ ಮಕ್ಕಳು ಮೀನಿಗಿಂತ ಮೊದಲು ವಿಷಕ್ಕೆ ಸಿಕ್ಕಿರುತ್ತಾರೆ. ಮಕ್ಕಳ ರಕ್ತದಲ್ಲಿ ಸೀಸವನ್ನು ಅಳೆಯಬೇಕೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಹೇಳುತ್ತ ಬಂದರು. ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿ ಪ್ರಪಂಚದ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಆತಂಕದ ಮಟ್ಟದ ಸೀಸವಿದೆ ಎಂದು ಅಂದಾಜಿಸಿತು.

ಬಣ್ಣದ ಮಾತು ಎಲ್ಲರಿಗೂ ಗೊತ್ತಿರುವುದೇ. ಹೊಳೆಯುವ ಹಳದಿ, ಕಿತ್ತಳೆ, ಕೆಂಪಿನಲ್ಲಿ ಸೀಸದ ಕ್ರೋಮೇಟು, ಕೆಂಪುಸೀಸ ಬಳಸುವುದು ಹಳೆಯ ರೂಢಿ. ಮನೆಯ ಪೇಂಟುಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಗಣೇಶನನ್ನು ಮಣ್ಣಿನಲ್ಲೇ ಮಾಡಿ, ಬಣ್ಣವಿಲ್ಲದೆ ಪೂಜಿಸುವುದು ನಮ್ಮ ಮನೆಗಳಲ್ಲಿ ಇದ್ದ ಕ್ರಮ. ಅದಕ್ಕೆ ಮರಳುವುದು ಕಷ್ಟವೇನಲ್ಲ. ಬೆಂಗಳೂರಿನಲ್ಲಿ ಕೆರೆಯ ಪಕ್ಕ ಕಟ್ಟಿದ ಕಲ್ಯಾಣಿಗಳಲ್ಲಿ ವಿಸರ್ಜನೆ ಮಾಡುವುದು ಒಳ್ಳೆಯ ಹೆಜ್ಜೆ. ಹಬ್ಬ ಮುಗಿದ ಮೇಲೆ ಆ ಕಲ್ಯಾಣಿಯ ತಳದ ಮಣ್ಣನ್ನು ಎತ್ತಿ ಎಲ್ಲಿ ಹಾಕಿದರು ಎಂದು ಕೇಳಿದರೆ ಮಾತ್ರ ಆ ಹೆಜ್ಜೆ ಪೂರ್ಣ.

ಗಾಳದ ಗುಂಡಿನ ಮಾತೂ ಇದೆ. ಥೇಮ್ಸ್ ನದಿಯ ಹಂಸಗಳು 1970, 80ರ ದಶಕಗಳಲ್ಲಿ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ನುಂಗಿ ಸಾಯುತ್ತಿದ್ದವು. 1987ರಲ್ಲಿ ಬ್ರಿಟನ್ ಹೆಚ್ಚಿನ ಅಳತೆಗಳ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು, ಹಂಸಗಳ ಸಂಖ್ಯೆ ಏರಿತು. ನಮ್ಮ ಬೀಸುಬಲೆಗಳ ಅಂಚಿಗೂ ಸೀಸದ ಮಣಿಗಳಿವೆ. ಸುಟ್ಟ ಮಣ್ಣಿನ ಮಣಿಗಳಿಗೆ, ಕಬ್ಬಿಣದ ಮಣಿಗಳಿಗೆ ಮರಳುವವರಿಗೆ ಮೀನುಗಾರಿಕೆ ಇಲಾಖೆ ನೆರವು ಕೊಟ್ಟರೆ ದೊಡ್ಡ ಖರ್ಚೇನೂ ಆಗದು.

ಇನ್ನು ಪರೀಕ್ಷೆಯ ವಿಚಾರ. ಕೆರೆಗಳಿಗೆ ಎ, ಬಿ, ಸಿ, ಡಿ, ಇ ಎಂದು ವರ್ಗ ಕೊಡುವ ನಮ್ಮ ಪದ್ಧತಿಯಲ್ಲಿ ನೋಡುವುದು ಪಿಎಚ್, ಕರಗಿದ ಆಕ್ಸಿಜನ್, ಬಿಒಡಿ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಕ್ಸಿಜನ್), ಕೋಲಿಫಾರಂ, ಅಮೋನಿಯ, ವಿದ್ಯುತ್ ವಾಹಕತೆ, ಬೋರಾನ್ ಇಂಥವನ್ನು. ಸೀಸ ಅದರಲ್ಲಿಲ್ಲ, ಕೆಸರಂತೂ ಇಲ್ಲವೇ ಇಲ್ಲ. ರೈತರಿಗೆ ಕೊಡುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಇವೆ, ಸೀಸ ಇಲ್ಲ. ಬೆಳೆಗೆ ಬೇಕಾದದ್ದನ್ನು ನೋಡುವ ಚೀಟಿ ಅದು, ಬೇಡದ್ದನ್ನು ನೋಡುವುದಿಲ್ಲ. ವಿಶೇಷವೇನೆಂದರೆ, ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಸತು, ತಾಮ್ರ ಅಳೆಯುವ ಪರಮಾಣು ಹೀರಿಕೆ ಯಂತ್ರದಲ್ಲೇ ಸೀಸವನ್ನೂ ಅಳೆಯಬಹುದು. ಸೀಸದ ದೀಪ ಹಾಕಿಕೊಂಡು, ಮಾದರಿಯನ್ನು ಆಮ್ಲದಲ್ಲಿ ಕರಗಿಸಿಕೊಂಡರಾಯಿತು. ಹೋಲಿಸಲು ಅಂಕಿಗಳೂ ಲೋಕದಲ್ಲಿವೆ. ಕೆನಡ ದೇಶ ಸಿಹಿನೀರಿನ ಹೂಳಿಗೆ ಕಿಲೋಗೆ 35 ಮಿಲಿಗ್ರಾಂ ಸೀಸವನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡಿದೆ, 91 ದಾಟಿದರೆ ಜಲಚರಗಳಿಗೆ ಹಾನಿ ಸಂಭವನೀಯ ಎನ್ನುತ್ತದೆ. ಕೋರ್ ಡಲೇನ್‌ನ ಹಂಸ, ಬಾತುಗಳಿಗೆ ಹಾನಿ ಶುರುವಾಗುವುದು 530ರಲ್ಲಿ ಎಂದು ಅಲ್ಲಿನ ಅಧ್ಯಯನ ಗುರುತಿಸಿತು.

ಕಲುಷಿತ ಗೋಡು ಹೊಲಕ್ಕೆ ಬಂದರೆ ಏನಾಗುತ್ತದೆ? ರಾಗಿ, ಜೋಳದ ಕಾಳಿಗೆ ಸೀಸ ಏರುವುದು ಬಹಳ ಕಡಿಮೆ. ಸೊಪ್ಪು, ಗಡ್ಡೆಗಳಲ್ಲಿ ಹೆಚ್ಚು, ಅದೂ ಮುಖ್ಯವಾಗಿ ಅಂಟಿಕೊಂಡ ಮಣ್ಣಿನಿಂದ. ಸುಣ್ಣ, ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣಿನಲ್ಲಿ ಸೀಸ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಹುಳಿಮಣ್ಣಿನಲ್ಲಿ ಸಡಿಲವಾಗುತ್ತದೆ. ಒಮ್ಮೆ ಹೊಲಕ್ಕೆ ಬಂದ ಸೀಸವನ್ನು ಅಲ್ಲಿಂದ ತೆಗೆಯುವ ಅಗ್ಗದ ಉಪಾಯ ಯಾವುದೂ ಇಲ್ಲ. ಹಾಗಾಗಿ ಎಲ್ಲ ಎಚ್ಚರವೂ ಟ್ರ್ಯಾಕ್ಟರಿಗೆ ಮಣ್ಣು ತುಂಬುವ ಮೊದಲೇ ಆಗಬೇಕು.

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಎತ್ತಿದ ಹೂಳಿನ ಪ್ರಮಾಣ ಅಪಾರ. ಆ ಕೆರೆಗಳಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಮಾಡಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಜಿಲ್ಲೆಗೆ ಆ ನೀರು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಎರಡನೇ ಹಂತದ ಶುದ್ಧೀಕರಣ ರೂಪುಗೊಂಡಿರುವುದು ಜೈವಿಕ ಕೊಳೆಯನ್ನು ತೆಗೆಯಲು, ಲೋಹಗಳನ್ನು ತೆಗೆಯಲೆಂದೇ ಅಲ್ಲ. ಅಲ್ಪಸ್ವಲ್ಪ ಉಳಿದು ಬಂದರೂ ಅದು ವರ್ಷ ವರ್ಷವೂ ಕೂರುವುದು ಆ ಕೆರೆಗಳ ತಳದಲ್ಲಿ. ನಾಳೆ ಆ ಕೆರೆಗಳ ಗೋಡನ್ನು ಕೋಲಾರದ ರೈತರು ತಮ್ಮ ಟೊಮೆಟೊ, ಸೊಪ್ಪಿನ ಹೊಲಗಳಿಗೆ ಹಾಕಿಕೊಳ್ಳುತ್ತಾರೆ. ನೀರಿನ ವರದಿಯ ಜೊತೆಗೆ ಹೂಳಿನ ವರದಿಯೂ ಪ್ರತಿವರ್ಷ ಅವರ ಕೈಗೆ ಸಿಗಬೇಕು.

ನಿಮ್ಮ ಊರಿನ ಕೆರೆಯ ಹೂಳೆತ್ತಲು ಗ್ರಾಮಸಭೆಯಲ್ಲಿ ತೀರ್ಮಾನ ಮಾಡುವಾಗ, ಆ ಕೆರೆಗೆ ಪಟ್ಟಣದ ಮೋರಿಯೋ ಕಾರ್ಖಾನೆಯ ನೀರೋ ಸೇರುತ್ತಿದ್ದರೆ, ಒಂದು ಸಾಲನ್ನು ಸೇರಿಸಿ ಬರೆಸಿ: ತೂಬಿನ ಬಳಿ, ಕೆರೆಯ ಮಧ್ಯದಲ್ಲಿ, ನೀರು ಒಳಬರುವ ಬಾಯಲ್ಲಿ, ಹೀಗೆ ಮೂರು ಕಡೆಯ ಹೂಳನ್ನು ಸೀಸಕ್ಕಾಗಿ ಪರೀಕ್ಷಿಸಿ, ಅಂಕಿ ಬಂದ ಮೇಲೆ ಮಣ್ಣು ಹೊಡೆಯತಕ್ಕದ್ದು.